ಗೂಬೆಯ ಭಂಗಿ, ಗೂಬೆಯ ಭಾಷೆ

ಮೈಗರಿಗಳನ್ನು ಕೆದರಿ, ರೆಕ್ಕೆಗಳೆರಡನ್ನೂ ಬೀಸಣಿಗೆಯಂತೆ ಹರಡಿ, ಕಣ್ಣರಳಿಸಿ ನಿಂತ ಗೂಬೆಯ ಛಾಯಾಚಿತ್ರ ಯಾರನ್ನಾದರೂ ಬೆರಗುಗೊಳಿಸುತ್ತದೆ. ನೋಡಿದವರು ಅದನ್ನು ನರ್ತನವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಬೆದರಿದ ಹಕ್ಕಿಯ ಎಚ್ಚರಿಕೆ. ತನ್ನ ದೇಹವನ್ನು ದೊಡ್ಡದಾಗಿ ತೋರಿಸಿ, ಕೊಕ್ಕನ್ನು ಟಕಟಕನೆ ಬಡಿದು, ‘ಹತ್ತಿರ ಬರಬೇಡ’ ಎಂದು ಅದು ಹೇಳುತ್ತಿರುತ್ತದೆ.

ಈ ಭಾಷೆಯ ಗಾಂಭೀರ್ಯವನ್ನು ಇಂಗ್ಲೆಂಡಿನ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಅವರ ಬದುಕು ತಿಳಿಸುತ್ತದೆ. 1937ರ ಮೇ ತಿಂಗಳಿನಲ್ಲಿ ಅವರು ವೇಲ್ಸ್ ಪ್ರಾಂತ್ಯದಲ್ಲಿ ಟಾನಿ ಗೂಬೆಯ ಗೂಡಿನ ಬಳಿ ಚಿತ್ರ ತೆಗೆಯುತ್ತಿದ್ದರು. ಒಂದು ರಾತ್ರಿ ಕತ್ತಲಲ್ಲಿ ಮರೆಗೂಡಿಗೆ ಏರುತ್ತಿದ್ದಾಗ ಗೂಬೆ ಸದ್ದಿಲ್ಲದೆ ಎರಗಿ ಅವರ ಎಡಗಣ್ಣಿಗೆ ಉಗುರಿನಿಂದ ಇರಿಯಿತು. ಗಾಯಕ್ಕೆ ಸೋಂಕು ತಗುಲಿತು. ಇನ್ನೊಂದು ಕಣ್ಣನ್ನು ಉಳಿಸುವ ಸಲುವಾಗಿ ವೈದ್ಯರು ಆ ಕಣ್ಣನ್ನು ತೆಗೆಯಬೇಕಾಯಿತು. ಮರಿಗಳಿರುವ ಕಾಲದಲ್ಲಿ ಈ ಜಾತಿಯ ಗೂಬೆ ಮನುಷ್ಯನ ಮೇಲೂ ಎರಗುವುದುಂಟು. ಹಾಸ್ಕಿಂಗ್ ಗೂಬೆಗಳಿಗೆ ಬೆನ್ನು ತಿರುಗಿಸಲಿಲ್ಲ. ಒಂದೇ ಕಣ್ಣಿನಿಂದ ದಶಕಗಳ ಕಾಲ ಅವುಗಳ ಚಿತ್ರ ತೆಗೆದರು.

ಗೂಬೆಯ ಇತರ ವಿಚಿತ್ರ ವರ್ತನೆಗಳಿಗೂ ಕಾರಣಗಳಿವೆ. ಅದರ ಕಣ್ಣುಗಳು ಕೊಳವೆಯಾಕಾರದವು, ಗುಳಿಯೊಳಗೆ ಹೊರಳಲಾರವು. ಆದುದರಿಂದಲೇ ಅದು ಕತ್ತನ್ನು ಸುಮಾರು 270 ಡಿಗ್ರಿಯಷ್ಟು ತಿರುಗಿಸುತ್ತದೆ. ಮನುಷ್ಯನ ಕತ್ತಿನಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕತ್ತಿನಲ್ಲಿ 14 ಇವೆ. ತಲೆಯನ್ನು ಮೇಲೆ ಕೆಳಗೆ, ಅತ್ತಿತ್ತ ಆಡಿಸುವುದು ಕುಚೇಷ್ಟೆಯಲ್ಲ. ಎದುರಿನ ವಸ್ತುವಿನ ದೂರವನ್ನು ಅಳೆಯುವ ಬಗೆ. ಕಿವಿಯಂತಹ ಗರಿಗಳನ್ನು ನಿಮಿರಿಸಿ, ಕಣ್ಣುಗಳನ್ನು ಕಿರಿದಾಗಿಸಿ, ಒಣಕೊಂಬೆಯಂತೆ ನೀಳವಾಗಿ ನಿಂತ ಗೂಬೆ ಅಪಾಯವನ್ನು ಕಂಡು ಅಡಗಿಕೊಂಡಿದೆಯೆಂದೇ ಅರ್ಥ. ಆಗ ಇನ್ನೊಂದು ಹೆಜ್ಜೆ ಮುಂದಿಡದೆ ಹಿಂದೆ ಸರಿಯುವುದು ಸಜ್ಜನಿಕೆ.

ಹಗಲಿನಲ್ಲಿ ಕಲ್ಲೆಸೆದು ಗೂಬೆಯನ್ನು ಹಾರಿಸಿದರೆ ಕಾಗೆ, ಕಾಜಾಣಗಳು ಗುಂಪುಗೂಡಿ ಅದನ್ನು ಅಟ್ಟುತ್ತವೆ. ಧ್ವನಿಮುದ್ರಿತ ಕೂಗನ್ನು ಕೇಳಿಸಿದರೆ, ತನ್ನ ಸೀಮೆಗೆ ಎದುರಾಳಿ ನುಗ್ಗಿದನೆಂದು ಅದು ಬೇಟೆಯನ್ನು, ಮರಿಗಳನ್ನು ಬಿಟ್ಟು ಬರಬಹುದು. ಚಿತ್ರಕ್ಕೆ ಒಂದು ಕ್ಷಣ ಸಾಕು. ಅದರ ಬೆಲೆಯನ್ನು ತೆರುವವು ಗೂಡಿನಲ್ಲಿ ಹಸಿದು ಕಾಯುವ ಮರಿಗಳು.

ಬುಡುಬುಡಿಕೆಯವರು ಹಾಲಕ್ಕಿಯ ನುಡಿಯನ್ನು ಶುಭವೆಂದು ಸಾರುತ್ತ ಮನೆಮನೆಗೆ ಬರುತ್ತಾರೆ. ಅದೇ ಜನ ಗೂಬೆಯ ಕೂಗನ್ನು ಅಪಶಕುನವೆನ್ನುತ್ತಾರೆ. ಪರರ ಮೇಲೆ ತಪ್ಪು ಹೊರಿಸುವುದಕ್ಕೂ ‘ಗೂಬೆ ಕೂರಿಸುವುದು’ ಎಂಬ ಮಾತಿದೆ. ಹಾಲಕ್ಕಿಯೂ ಗೂಬೆಯ ಕುಲದ್ದೇ ಎಂಬುದನ್ನು ಮಕ್ಕಳು ಹಿರಿಯರಿಗೆ ತಿಳಿಸಬಹುದು. ಹೊಲದ ಇಲಿಗಳನ್ನು ತಿಂದು ಬೆಳೆ ಕಾಯುವ ಕಣಜ ಗೂಬೆ ರೈತನ ನಂಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೂಬೆಗಳ ಬೇಟೆಯನ್ನೂ ಮಾರಾಟವನ್ನೂ ನಿಷೇಧಿಸಿದೆ.

ಇಂದು ಅನೇಕ ಮನೆಗಳಲ್ಲಿ ಮೊಬೈಲ್ ಕ್ಯಾಮೆರಾ ಇದೆ. ಊರ ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಕಂಡರೆ ಮಕ್ಕಳು ದೂರದಲ್ಲೇ ನಿಲ್ಲಲಿ, ಫ್ಲಾಶ್ ಆರಿಸಲಿ, ಗೂಡಿರುವ ಸ್ಥಳವನ್ನು ಎಲ್ಲರಿಗೂ ಸಾರದಿರಲಿ. ತಾವು ಬಂದುದನ್ನು ಲೆಕ್ಕಿಸದೆ ಹಕ್ಕಿ ಅರೆಗಣ್ಣು ಮುಚ್ಚಿ ತೂಕಡಿಸುತ್ತಿರುವ ಚಿತ್ರ ದೊರೆತರೆ, ಅದೇ ಒಳ್ಳೆಯ ಚಿತ್ರ.