ಬಿ.ಪಿ.ಗೆ ಆ್ಯಂಟಿಬಯಾಟಿಕ್: ಅಂಗಡಿಯಲ್ಲಿ ಪ್ರಯೋಗ ಬೇಡ

ವಿಜಯನಗರದ ವಾಟರ್ ಟ್ಯಾಂಕ್ ಬಳಿ ಬಸ್ಸಿಗೆ ಕಾಯುವವರ ಮಾತು ಮಳೆ, ತರಕಾರಿ ಬೆಲೆ ಮುಗಿಸಿ ಬಿ.ಪಿ.ಗೆ ಬಂದು ನಿಲ್ಲುತ್ತದೆ. ಮೊನ್ನೆ ಕಿವಿಗೆ ಬಿದ್ದದ್ದು: "ಮೂರು ಮಾತ್ರೆ ನುಂಗಿದ್ರೂ ಇಳೀತಿಲ್ಲ ಸ್ವಾಮಿ. ಅಮೆರಿಕಾದಲ್ಲಿ ಆ್ಯಂಟಿಬಯಾಟಿಕ್ ಕೊಟ್ಟು ಇಳಿಸಿದಾರಂತೆ. ಮೆಡಿಕಲ್ ಸ್ಟೋರಲ್ಲಿ ಒಂದ್ ಸ್ಟ್ರಿಪ್ ಕೇಳಿದ್ರೆ ಕೊಡಲ್ವಾ?"

ಕೊಟ್ಟಾರು. ಅದೇ ನಮ್ಮ ಭಯ.

ಸುದ್ದಿ ಪೂರಾ ಸುಳ್ಳಲ್ಲ. ಗಾಯದ ಸೋಂಕಿಗೆಂದು ಆ್ಯಂಟಿಬಯಾಟಿಕ್ ತೆಗೆದುಕೊಂಡ 69 ವರ್ಷದ ಹೆಂಗಸೊಬ್ಬರ ಹಠಮಾರಿ ಬಿ.ಪಿ. ಇಳಿದದ್ದನ್ನು ಫ್ಲಾರಿಡಾ ವಿಶ್ವವಿದ್ಯಾನಿಲಯದ ವೈದ್ಯರು 2015ರಲ್ಲಿ ವರದಿ ಮಾಡಿದರು. ಅದೇ ವರ್ಷ ಅಲ್ಲಿನ ಮೋಹನ್ ರೈಜಾದಾ ಮತ್ತು ಸಂಗಡಿಗರು, ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನಿಂದ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಹದಕ್ಕೆ ಬಂದು ಬಿ.ಪಿ. ಇಳಿಯಿತೆಂದು ತೋರಿಸಿದರು. ಯಾವ ಮಾತ್ರೆಗೂ ಬಗ್ಗದ ಬಿ.ಪಿ. ಇರುವ ಮನುಷ್ಯರಲ್ಲೂ ಅದನ್ನು ಪರೀಕ್ಷೆಗೆ ಹಚ್ಚಿದರು. ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ.

ಇದರ ಇನ್ನೊಂದು ಮುಖ ತೋರಿಸಿದವರಿಗೆ ಮೈಸೂರಿನ ನಂಟುಂಟು. ನಮ್ಮ ಸಿ.ಎಫ್.ಟಿ.ಆರ್.ಐ.ನಲ್ಲಿ ಇಲಿಗಳ ಮೇಲೆ ಅರಿಸಿನ, ಮೆಣಸಿನಕಾಯಿ ಸಾರದ ಗುಣ ನೋಡಿದ್ದ ಬೀನಾ ಜೋ ಆಮೇಲೆ ಅಮೆರಿಕದ ಟೊಲೆಡೊ ವಿಶ್ವವಿದ್ಯಾನಿಲಯ ಸೇರಿದರು. ಅವರ ತಂಡ 2018ರಲ್ಲಿ ಇದೇ ಮಿನೊಸೈಕ್ಲಿನನ್ನು ಎರಡು ತಳಿಯ ಇಲಿಗಳಿಗೆ ಕೊಟ್ಟಿತು. ಒಂದು ತಳಿಯಲ್ಲಿ ಬಿ.ಪಿ. ಇಳಿಯಿತು. ಉಪ್ಪಿಗೆ ಬಿ.ಪಿ. ಏರುವ ಇನ್ನೊಂದು ತಳಿಯಲ್ಲಿ ಮತ್ತಷ್ಟು ಏರಿತು! ಗಿರಾಕಿ ಯಾವ ತಳಿಯ ಇಲಿ ಅಂತ ಅಂಗಡಿಯವರಿಗೆ ಹೇಗ್ರೀ ಗೊತ್ತಾಗಬೇಕು?

ಬಿ.ಪಿ. ಮಾತ್ರೆ ವರ್ಷಗಟ್ಟಲೆ ನುಂಗುವಂಥದ್ದು. ಮಿನೊಸೈಕ್ಲಿನ್ ಹಾಗೆ ನುಂಗಿದರೆ ತಲೆಸುತ್ತು ಬಂದೀತು, ಚರ್ಮ ಕಪ್ಪಾದೀತು. ಅದಕ್ಕಿಂತ ಕೆಟ್ಟದ್ದು, ಮೈಯೊಳಗಿನ ಬ್ಯಾಕ್ಟೀರಿಯಾ ಔಷಧಕ್ಕೆ ಪಳಗಿಬಿಡುತ್ತವೆ. ನಾಳೆ ನಿಜವಾದ ಸೋಂಕು ಬಂದಾಗ ಏನು ಕೊಡುವುದು?

ಅಸಲಿಗೆ "ಬಗ್ಗದ ಬಿ.ಪಿ." ಅನ್ನುವುದರಲ್ಲಿ ಎಷ್ಟೋ ಪಾಲು ಮಾತ್ರೆ ತಪ್ಪಿಸಿದ್ದು. ಜೊತೆಗೆ ಉಪ್ಪಿನಕಾಯಿ, ಹಪ್ಪಳ. ಮಂಡಿನೋವಿಗೆಂದು ನುಂಗುವ ಮಾತ್ರೆಯೂ ಬಿ.ಪಿ. ಏರಿಸುತ್ತದೆ, ಜೋರು ಗೊರಕೆಯೂ ಒಂದು ಸುಳಿವು. ಇವೆಲ್ಲ ಸರಿಯಿದ್ದೂ ಇಳಿಯದಿದ್ದರೆ ನಾಲ್ಕನೇ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಚೆನ್ನಾಗಿ ಕೆಲಸ ಮಾಡುತ್ತದೆಂದು 2015ರ ಬ್ರಿಟನ್ನಿನ ಪರೀಕ್ಷೆ ತೋರಿಸಿದೆ. ಹಳೇ ಮಾತ್ರೆ. ಆದರೆ ರಕ್ತದ ಪೊಟ್ಯಾಸಿಯಂ ನೋಡಿ ಡಾಕ್ಟರೇ ಬರೆಯಬೇಕು.

ಇನ್ನು ಮೆಡಿಕಲ್ ಸ್ಟೋರಿನವರಿಗೆ ಒಂದು ಮಾತು. ಆ್ಯಂಟಿಬಯಾಟಿಕ್‌ಗೆ ಡಾಕ್ಟರ ಚೀಟಿ ಬೇಕೆಂಬ ಕಾನೂನು ನಿಮಗೇ ಚೆನ್ನಾಗಿ ಗೊತ್ತು. ಖಾಯಂ ಗಿರಾಕಿ ಮುನಿಸಿಕೊಂಡರೂ ಪರವಾಗಿಲ್ಲ, ಚೀಟಿ ಕೇಳಿ.