ಮರದ ಬುಡಕ್ಕೆ ಮಣ್ಣು ಬಿಡಿ

ಏಪ್ರಿಲ್ ನಡುಹಗಲಲ್ಲಿ ಬಿಸಿಲಿಗೆ ನಿಂತ ಕಾರಿನ ಬಾನೆಟ್ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಪಕ್ಕದ ಹೊಂಗೆಮರದ ಎಲೆಯೂ ಅದೇ ಬಿಸಿಲಿಗೆ ಮೈಯೊಡ್ಡಿದೆ, ಆದರೂ ಸುಡುವುದಿಲ್ಲ. ಬಿದ್ದ ಬೆಳಕಿನಲ್ಲಿ ಎಲೆ ಆಹಾರ ತಯಾರಿಕೆಗೆ ಬಳಸಿಕೊಳ್ಳುವುದು ನೂರರಲ್ಲಿ ಕೆಲವೇ ಪಾಲು. ಉಳಿದ ಶಾಖದಲ್ಲಿ ಒಂದಿಷ್ಟನ್ನು ಗಾಳಿ ಒಯ್ಯುತ್ತದೆ. ಹುಣಸೆಯ ಪುಟ್ಟ ಎಲೆಗೆ ಇದು ಸಲೀಸು, ತೇಗದ ಅಗಲ ಎಲೆಗೆ ಅಷ್ಟು ಸುಲಭವಲ್ಲ. ಮಿಕ್ಕಿದ್ದರಲ್ಲಿ ದೊಡ್ಡ ಪಾಲನ್ನು ಎಲೆ ಬೆವರಿಯೇ ಕಳೆಯಬೇಕು. ಪತ್ರರಂಧ್ರಗಳ ಮೂಲಕ ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖವನ್ನು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 0.67 ಯೂನಿಟ್. ದಿನಕ್ಕೆ 100 ಲೀಟರ್ ಬೆವರುವ ಮರ 67 ಯೂನಿಟ್‌ನಷ್ಟು ಶಾಖವನ್ನು ಸದ್ದಿಲ್ಲದೆ ಹೀರಿಬಿಡುತ್ತದೆ.

ಬೇರಿಗೆ ನೀರು ಸಿಗದಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಮರ ಜೀವ ಉಳಿಸಿಕೊಳ್ಳಲು ರಂಧ್ರಗಳನ್ನು ಮುಚ್ಚುತ್ತದೆ, ಎಲೆ ಕಾಯತೊಡಗುತ್ತದೆ. ಉಷ್ಣವಲಯದ ಮರಗಳ ಎಲೆ ಸರಾಸರಿ 46.7 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಹಾರ ತಯಾರಿಸುವ ಅದರ ವ್ಯವಸ್ಥೆಯೇ ಕೆಡಲಾರಂಭಿಸುತ್ತದೆ ಎಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಹೀಗಿರುವಾಗ ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಸುರಿದು, ಮೇಲೆ ಟೈಲ್ಸ್ ಹಾಕುವ ನಮ್ಮ ಫುಟ್‌ಪಾತ್ ಕಾಮಗಾರಿ ಮರವನ್ನು ಬರೀ ಕೊಡೆಯ ಮಟ್ಟಕ್ಕೆ ಇಳಿಸುತ್ತದೆ.

ಕುಡಿಯುವ ನೀರಿಗೇ ತತ್ವಾರ, ಮರಕ್ಕೆಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. 2024ರ ಬೇಸಿಗೆಯ ಬೆಂಗಳೂರನ್ನು ಕಂಡವರು ಹಾಗೆ ಕೇಳುವುದು ಸಹಜವೇ. ಆದರೆ ಮರ ಕೇಳುತ್ತಿರುವುದು ಕಾವೇರಿ ನೀರನ್ನಲ್ಲ, ತನ್ನ ಬುಡದಲ್ಲೇ ಸುರಿದು ಚರಂಡಿಗೆ ಓಡುವ ಮಳೆಯನ್ನು. ಮಂಗಳೂರಿನಂಥ ಊರಲ್ಲಿ ಗಾಳಿಯೇ ತೇವವಾಗಿರುವಾಗ ಎಲೆ ಬೆವರಿ ಏನು ಪ್ರಯೋಜನ ಎಂಬ ಮಾತಿನಲ್ಲಿ ಹುರುಳಿದೆ: ಅಲ್ಲಿ ತಂಪು ಕಡಿಮೆ, ನೆರಳೇ ಮುಖ್ಯ. ಅದನ್ನೇ ಒಳನಾಡಿನ ಒಣಹವೆಗೆ, ಕಲಬುರಗಿ–ರಾಯಚೂರುಗಳಿಗೆ ಅನ್ವಯಿಸಲಾಗದು. ಬುಡ ತೆರೆದಿಟ್ಟರೆ ಪಾದಚಾರಿ ಎಡವುತ್ತಾನೆ ಎಂಬ ಆಕ್ಷೇಪಕ್ಕೆ ಕಬ್ಬಿಣದ ಜಾಲರಿಯೇ ಉತ್ತರ. ನೀರೂ ಇಳಿಯುತ್ತದೆ, ಕಾಲೂ ಜಾರದು.

ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಆದೇಶಕ್ಕಿಂತ ಗುತ್ತಿಗೆದಾರನಿಗೆ ಬೇಗ ಅರ್ಥವಾಗುವುದು ಬಿಲ್ಲು. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಪ್ರತಿ ಮರದ ಸುತ್ತಲಿನ ಒಂದು ಮೀಟರ್ ಜಾಗವನ್ನು ಕಳೆದು ಹಣ ಕೊಟ್ಟರೆ, ಅಲ್ಲಿ ಸಿಮೆಂಟು ಸುರಿಯುವ ಉಮೇದು ಯಾರಿಗೂ ಇರುವುದಿಲ್ಲ.