ಹಿರಿಯರ ಕೈಯಲ್ಲಿ ಸ್ಮಾರ್ಟ್‌ಫೋನು

ಮನೆಗೆ ಹೊಲಿಗೆಯ ಯಂತ್ರ ಬಂದರೆ ಅದನ್ನು ಹೊಲಿಯುವವರ ಮುಂದೆ ಇಡುವರು. ಬೀಸುವ ಕಲ್ಲು ಬಂದರೆ ಬೀಸುವವರ ಕೈಗೇ ಅದರ ಗೂಟವನ್ನು ಕೊಡುವರು. ಸ್ಮಾರ್ಟ್‌ಫೋನಿನ ಮಾತು ಮಾತ್ರ ಬೇರೆಯಾಗಿದೆ. ಹುಬ್ಬಳ್ಳಿಯಲ್ಲಿಯೋ ಗೋವೆಯಲ್ಲಿಯೋ ನೌಕರಿಯಲ್ಲಿರುವ ಮಗನು ತಾಯಿಗೆಂದೇ ಫೋನನ್ನು ಕೊಂಡು ತರುವನು, ತಾಯಿಯ ಹೆಸರಿನಲ್ಲಿಯೇ ಸಿಮ್ಮು ಹಾಕಿಸುವನು; ಆದರೆ ಅದು ಇರುವದು ಮೊಮ್ಮಗನ ಕೈಯಲ್ಲಿ. ಅವಳಿಗೆ ಬಂದ ಕರೆಯನ್ನು ಎತ್ತುವವನು ಅವನು, ಅವಳ ಬ್ಯಾಂಕಿನ ಸಂದೇಶವನ್ನು ಓದುವವನು ಅವನು, ಅವಳ ಗುಪ್ತ ಸಂಖ್ಯೆಯನ್ನು ಬಲ್ಲವನೂ ಅವನೇ. "ಅಜ್ಜೀ, ನಿನಗ ತಿಳಿಯಂಗಿಲ್ಲ, ಕೊಡು ಇಲ್ಲೆ" ಎಂದು ಪ್ರೀತಿಯಿಂದಲೇ ಅವನು ಫೋನನ್ನು ಕಸಿದುಕೊಳ್ಳುವನು. ಅಜ್ಜಿಯೂ ನಕ್ಕು ಬಿಟ್ಟುಕೊಡುವಳು. ಈ ನಗೆಯನ್ನು ನಾವು ಒಪ್ಪಲಾರೆವು.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ತಿಂಗಳ ಲೇಖನವನ್ನು ಬರೆಯುತ್ತಿರುವೆವು. ದುಡಿಯುವ ವಯಸ್ಸಿನವರು ಪರ ಊರಿಗೆ ಹೋಗಿ, ಮನೆಯಲ್ಲಿ ಹಿರಿಯರೂ ಶಾಲೆಯ ಮಕ್ಕಳೂ ಮಾತ್ರ ಉಳಿದಿರುವದು ಇಲ್ಲಿ ಅಪರೂಪವಲ್ಲ. ಸರಕಾರದಿಂದ ಸಲ್ಲತಕ್ಕ ಹಣವಾದರೋ ಈಗ ಹೆಚ್ಚಾಗಿ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಂತೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಲ್ಲಬೇಕು. ಆ ಹಣವು ಬಂದಿತೋ ಇಲ್ಲವೋ ಎಂಬದನ್ನು ತಿಳಿಸುವ ಸಂದೇಶವು ಬರುವದು ಫೋನಿಗೆ. ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಹಣ ಯಜಮಾನಿಯದು, ಅದರ ಸುದ್ದಿ ಮಾತ್ರ ಪರರದು ಎಂಬಂತಾಗಿದೆ. ಮನೆಯವರು ಒಳ್ಳೆಯವರಾಗಿದ್ದರೆ ಇದರಿಂದ ಕೇಡಿಲ್ಲವೆಂದು ಕೆಲವರು ಹೇಳಬಹುದು. ಮನೆಯವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಏನು ಮಾಡತಕ್ಕದ್ದು ಎಂಬದೇ ನಮ್ಮ ಪ್ರಶ್ನೆ.

ಕೇಂದ್ರ ಸರಕಾರವು 2017ರಲ್ಲಿ ಗ್ರಾಮೀಣ ಜನರಿಗೆ ಡಿಜಿಟಲ್ ಸಾಕ್ಷರತೆಯನ್ನು ಕಲಿಸುವ ಒಂದು ದೊಡ್ಡ ಕಾರ್ಯವನ್ನು ಕೈಕೊಂಡು, 2024ರ ಮಾರ್ಚ್ 31ರ ವರೆಗೆ ನಡೆಸಿತು. 6 ಕೋಟಿಗೂ ಮೇಲ್ಪಟ್ಟು ಜನರು ಅದರಲ್ಲಿ ತರಬೇತಿ ಹೊಂದಿದರು. ಇಪ್ಪತ್ತು ತಾಸುಗಳ ಪಾಠ, ಮನೆಗೆ ಒಬ್ಬರು, ವಯಸ್ಸು 14ರಿಂದ 60. ಒಬ್ಬರು ಕಲಿತರೆ ಮನೆಯೇ ಕಲಿತಂತೆ ಎಂಬ ಭಾವನೆ ಅದರ ಹಿಂದೆ ಇದ್ದಿರಬೇಕು. ಆದರೆ ಅರುವತ್ತು ದಾಟಿದವರು ಆ ಲೆಕ್ಕದಲ್ಲಿಯೇ ಬರಲಿಲ್ಲ. ಅವರಿಗೆ ಕಲಿಸುವ ಕೆಲಸವು ಹೀಗೆ ಮನೆಯ ಮೇಲೆಯೇ ಬಿದ್ದಿದೆ.

ಕಲಿಸುವವರು ಮೊದಲು ನೆನಪಿಡತಕ್ಕ ಮಾತೆಂದರೆ, ಫೋನು ಕಲಿಯುವವರ ಕೈಯಲ್ಲಿಯೇ ಇರಬೇಕು. ಕಲಿಸುವವರ ಕೈಗಳು ತಮ್ಮ ಮಡಿಲಲ್ಲಿರಬೇಕು. ಬಾಯಿಂದ ಹೇಳಬಹುದು, ಬೆರಳಿಂದ ತೋರಿಸಬಹುದು, ಮುಟ್ಟಕೂಡದು. ತಡವಾದರೆ ಆಗಲಿ.

ಮೊದಲ ದಿನ ಮುಟ್ಟುವದನ್ನು ಮಾತ್ರ ಕಲಿಸಿದರೆ ಸಾಕು. ಹಳೆಯ ಗುಂಡಿಯ ಫೋನಿಗೆ ಒಗ್ಗಿದವರು ಗಾಜನ್ನೂ ಒತ್ತಿ ಒತ್ತಿ ನೋಡುವರು. ಈ ಗಾಜಿಗೆ ಬಲ ಬೇಡ. ನಮ್ಮ ಚರ್ಮದಲ್ಲಿ ವಿದ್ಯುತ್ತು ಹರಿಯಬಲ್ಲದಾದ್ದರಿಂದ, ಬೆರಳು ತಾಗಿದ ಸ್ಥಳವನ್ನು ಗಾಜಿನ ಕೆಳಗಿನ ಸೂಕ್ಷ್ಮ ಜಾಲವು ತಾನೇ ಅರಿತುಕೊಳ್ಳುತ್ತದೆ. ಉಗುರಿನಿಂದ ಕುಟ್ಟಿದರೆ ಅದಕ್ಕೆ ತಿಳಿಯದು. ಒದ್ದೆ ಕೈಯಿಂದ ಮುಟ್ಟಿದರೆ ಅದು ಗೊಂದಲಕ್ಕೆ ಬೀಳುವದು. ಗದ್ದೆಯಲ್ಲಿ, ಕಾಡಿನಲ್ಲಿ ದುಡಿದು ಜಡ್ಡುಗಟ್ಟಿದ ಒಣ ಬೆರಳನ್ನೂ ಅದು ಕೆಲವು ಸಲ ಗುರುತಿಸದು. ಆಗ ಯಂತ್ರ ಕೆಟ್ಟಿತೆಂದಾಗಲಿ, ತನಗೆ ಬುದ್ಧಿಯಿಲ್ಲವೆಂದಾಗಲಿ ಹಿರಿಯರು ತಿಳಿಯಬಾರದು. ಒದ್ದೆ ಬಟ್ಟೆಯಿಂದ ಬೆರಳೊರಸಿ, ಒಣಗಿಸಿ, ಬೇರೆ ಬೆರಳಿನಿಂದ ಮುಟ್ಟಿ ನೋಡಬೇಕು. ಇಂಥವರ ಫೋನಿಗೆ ಬೆರಳಚ್ಚಿನ ಬೀಗವನ್ನು ಹಾಕದೆ ಅಂಕಿಗಳ ಬೀಗವನ್ನು ಹಾಕುವದೇ ಲೇಸು.

ಮುಟ್ಟುವದರಲ್ಲಿಯೂ ಮೂರು ಬಗೆಯಿರುವವು. ಹಣೆಗೆ ಕುಂಕುಮವಿಡುವಂತೆ ತಟ್ಟನೆ ಮುಟ್ಟಿ ಬಿಡುವದು ಒಂದು. ಇದರಿಂದ ಬೇಕಾದದ್ದು ತೆರೆಯುತ್ತದೆ. ಪಾಟಿಯ ಮೇಲಿನ ಅಕ್ಷರವನ್ನು ಒರಸಿದಂತೆ ಬೆರಳನ್ನು ಸರಿಸುವದು ಇನ್ನೊಂದು. ಇದರಿಂದ ಪುಟವು ಸರಿಯುತ್ತದೆ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಂತೆ ಬೆರಳನ್ನು ಅಲ್ಲಿಯೇ ಊರಿ ಹಿಡಿಯುವದು ಮೂರನೆಯದು. ಹೊಸಬರ ತೊಂದರೆಯೆಲ್ಲ ಈ ಮೂರನೆಯದರಲ್ಲಿಯೇ ಹುಟ್ಟುತ್ತದೆ. ಕುಂಕುಮವಿಡಬೇಕಾದಲ್ಲಿ ಹೆಬ್ಬೆಟ್ಟು ಒತ್ತಿದರೆ ಚಿತ್ರಗಳು ನಡುಗಿ ಸ್ಥಾನ ಬಿಟ್ಟು ಹೋಗುವವು, ಕೇಳದ ಪಟ್ಟಿಗಳು ಎದ್ದು ನಿಲ್ಲುವವು. ಹೆದರಬೇಕಾದ್ದಿಲ್ಲ. ಸ್ಕ್ರೀನಿನ ತಳದಲ್ಲಿ ಕೆಲವು ಫೋನುಗಳಲ್ಲಿ ಒಂದು ವೃತ್ತವಿರುವದು. ಅದನ್ನು ಮುಟ್ಟಿದರೆ ಎಲ್ಲಿದ್ದರೂ ಮೊದಲಿನ ಪುಟಕ್ಕೆ ಬರುವೆವು. ವೃತ್ತವಿಲ್ಲದ ಹೊಸ ಫೋನುಗಳಲ್ಲಿ ತಳದ ಅಂಚಿನಿಂದ ಬೆರಳನ್ನು ಮೇಲಕ್ಕೆ ಸರಿಸಬೇಕು. ದಾರಿ ತಪ್ಪಿದರೂ ಮನೆಗೆ ಮರಳಬಲ್ಲೆನೆಂಬ ಧೈರ್ಯ ಬಂದ ದಿನವೇ ಅರ್ಧ ವಿದ್ಯೆ ಬಂದಂತೆ.

ಎರಡನೆಯ ದಿನ ಭಾಷೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದೆಂಬದೂ, ಅಕ್ಷರಗಳನ್ನು ದೊಡ್ಡದು ಮಾಡಬಹುದೆಂಬದೂ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಫೋನಿನ ಕನ್ನಡವು ಒಮ್ಮೊಮ್ಮೆ ತಲೆನೋವು ತರುವಷ್ಟು ಕೃತಕವಾಗಿರುವದು ನಿಜ. ಆದರೂ ಅಪರಿಚಿತ ಲಿಪಿಗಿಂತ ಒರಟು ಕನ್ನಡವು ಮೇಲು. ಈ ನಾಲ್ಕು ತಾಲೂಕುಗಳಲ್ಲಿ ಮನೆಮಾತು ಒಂದೇ ಅಲ್ಲ. ಕೊಂಕಣಿ, ಮರಾಠಿ, ಉರ್ದು ಆಡುವವರೂ, ಸಿದ್ದಿಯರೂ, 1966ರಿಂದ ಮುಂಡಗೋಡದಲ್ಲಿ ನೆಲೆಸಿದ ತಿಬೇಟಿಯರೂ ನೆರೆಹೊರೆಯಾಗಿರುವರು. ಯಾವ ಲಿಪಿಯನ್ನು ಅವರು ಸುಲಭವಾಗಿ ಓದುವರೋ ಅದನ್ನೇ ಹಾಕಿಕೊಡತಕ್ಕದ್ದು. ಮರಾಠಿಯಲ್ಲಿ ಓದು ಕಲಿತ ಹಳಿಯಾಳದ ಅಜ್ಜಿಗೆ ಕನ್ನಡವನ್ನಾಗಲಿ ಇಂಗ್ಲಿಷನ್ನಾಗಲಿ ಹೇರುವದರಿಂದ ಪ್ರಯೋಜನವಿಲ್ಲ. ಬರೆಯಲು ಬೇಸರವಾದರೆ ಮಾತಾಡಿಯೂ ಬರೆಯಿಸಬಹುದು. ಅಕ್ಷರಫಲಕದ ಮೇಲಿನ ಮೈಕಿನ ಚಿತ್ರವನ್ನು ಮುಟ್ಟಿ ನಿಧಾನವಾಗಿ ಹೇಳಿದರೆ ಫೋನು ತಾನೇ ಅಕ್ಷರಕ್ಕಿಳಿಸುವದು. ಗೂಗಲ್ಲಿನವರು 2017ರಲ್ಲಿ ಕನ್ನಡಕ್ಕೂ ಈ ಅನುಕೂಲವನ್ನು ಮಾಡಿಕೊಟ್ಟರು. ನಮ್ಮ ಆಡುಮಾತನ್ನು ಅದು ಕೆಲವು ಸಲ ವಿಚಿತ್ರವಾಗಿ ಕೇಳಿಸಿಕೊಂಡು ಮನೆಮಂದಿಯನ್ನು ನಗಿಸುವದುಂಟು. ಕಲಿಕೆಯಲ್ಲಿ ಇಷ್ಟು ನಗೆ ಇರಲಿ.

ಕರೆ ಮಾಡುವದು, ಎತ್ತುವದು, ಮುಗಿಸುವದು ಎರಡು ಮೂರು ದಿನಗಳ ಅಭ್ಯಾಸದಿಂದ ಬರುವವು. ಮಕ್ಕಳ ಹೆಸರಿನೊಡನೆ ಅವರ ಮುಖದ ಚಿತ್ರವನ್ನೂ ಸೇರಿಸಿಟ್ಟರೆ ಓದು ಬಾರದವರೂ ಗುರುತಿಸುವರು. ಫೋಟೋ, ವಾಟ್ಸಾಪುಗಳನ್ನು ಕಲಿಯಲು ಯಾರೂ ನಮ್ಮ ಲೇಖನಕ್ಕೆ ಕಾಯುವದಿಲ್ಲವೆಂದು ಬಲ್ಲೆವು. ಬ್ಯಾಂಕಿನ ಸಂದೇಶದ ಬಗ್ಗೆ ಮಾತ್ರ ಒಂದು ಉಪಾಯ ಹೇಳುವೆವು. ಜಮಾ, ಖರ್ಚು ಎಂಬ ಅರ್ಥದ ಎರಡು ಇಂಗ್ಲಿಷ್ ಶಬ್ದಗಳನ್ನು—ಕ್ರೆಡಿಟೆಡ್, ಡೆಬಿಟೆಡ್—ಮೊಮ್ಮಕ್ಕಳಿಂದ ಒಂದು ವಹಿಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿಸಿ, ಸಂದೇಶ ಬಂದಾಗಲೆಲ್ಲ ಹೋಲಿಸಿ ನೋಡಬೇಕು. ನಾಲ್ಕು ತಿಂಗಳು ಕಳೆಯುವದರೊಳಗೆ ವಹಿ ಬೇಕಾಗದು.

ಇನ್ನು ಸಿಗ್ನಲ್ಲಿನ ಮಾತು. ಪೇಟೆಯ ವಾಚಕರಿಗೆ ಇದು ಸಣ್ಣ ವಿಷಯ. ಜೋಯಿಡಾದವರಿಗೆ ಇದೇ ದೊಡ್ಡದು. ಸೂಪಾ ಅಣೆಕಟ್ಟು ಇರುವ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ಹಬ್ಬಿರುವ ಆ ತಾಲೂಕಿನಲ್ಲಿ ಮನೆಗಳು ಗುಡ್ಡ ಕಣಿವೆಗಳಲ್ಲಿ ಚದರಿಕೊಂಡಿವೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಈ ಜಿಲ್ಲೆಯ ಕಾಡುಹಳ್ಳಿಗಳ ಮಕ್ಕಳು ಪಾಠ ಕೇಳಲು ಗುಡ್ಡದ ನೆತ್ತಿಯನ್ನೇರಿ ಕುಳಿತದ್ದನ್ನು ಯಾರೂ ಮರೆತಿರಲಾರರು. ಸಿಗ್ನಲ್ ಸಿಗದ ಕಡೆ ಫೋನು ಸುಮ್ಮನಿರದೆ ಮೇಲಿಂದ ಮೇಲೆ ಗೋಪುರವನ್ನು ಹುಡುಕುತ್ತಿರುವದರಿಂದ ಬ್ಯಾಟರಿಯು ಬೇಗನೆ ಬರಿದಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತು ಇಲ್ಲದಿರುವಾಗ ಇದು ಸಣ್ಣ ನಷ್ಟವಲ್ಲ. ಸ್ಕ್ರೀನನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ವಿಮಾನದ ಚಿತ್ರವೊಂದು ಕಾಣುವದು. ಸಿಗ್ನಲ್ಲೇ ಇಲ್ಲದ ಮನೆಯಲ್ಲಿ ಅದನ್ನು ಮುಟ್ಟಿ ಇಟ್ಟರೆ ಹುಡುಕಾಟ ನಿಂತು ಬ್ಯಾಟರಿ ಉಳಿಯುತ್ತದೆ. ಗುಡ್ಡ ಹತ್ತಿದಾಗ ಪುನಃ ಮುಟ್ಟಿದರೆ ಫೋನು ಎಚ್ಚರಗೊಳ್ಳುವದು. ಕೇಬಲ್ಲಿನ ಇಂಟರ್ನೆಟ್ಟು ಇರುವ ಮನೆಯಲ್ಲಿ ವೈಫೈಯ ಮೂಲಕವೇ ಸಾಮಾನ್ಯ ಕರೆಗಳನ್ನು ಮಾಡುವ ಅನುಕೂಲವು ಅನೇಕ ಫೋನುಗಳಲ್ಲಿದೆ; ಸೆಟ್ಟಿಂಗ್ಸಿನಲ್ಲಿ ಅದನ್ನು ಒಮ್ಮೆ ತೆರೆದಿಟ್ಟರೆ ಸಾಕು. ಆಪತ್ತಿನ ಕರೆಯ ಸಂಖ್ಯೆ 112. ಬೀಗ ಹಾಕಿದ ಫೋನಿನಿಂದಲೂ ಅದನ್ನು ಒತ್ತಬಹುದು. ತಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದಲ್ಲಿ ಆ ಕರೆಯು ಹೋಗುವದು. ಯಾವದೂ ಇಲ್ಲದಲ್ಲಿ ಹೋಗದು. ಯಾವ ಬಂಡೆಯ ಬಳಿ, ಯಾವ ತಿರುವಿನಲ್ಲಿ ಸಿಗ್ನಲ್ ಸಿಗುವದೆಂಬದನ್ನು ಮನೆಯ ಹಿರಿಯರಿಗೂ ತೋರಿಸಿಡಬೇಕು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿಗೆ ಬರುವೆವು. ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಗೆ ಮಧ್ಯಾಹ್ನದ ಹೊತ್ತು ಕರೆ ಬರುವದು. "ಅಮ್ಮಾ, ನಾವು ಬ್ಯಾಂಕಿನವರು. ನಿಮ್ಮ ಖಾತೆ ಇವತ್ತೇ ಬಂದಾಗುತ್ತದೆ. ಫೋನಿಗೆ ಬಂದ ಸಂಖ್ಯೆಯನ್ನು ಹೇಳಿರಿ." ಮಾತು ವಿನಯದ್ದು, ಆತುರದ್ದು. ಯಾವಾಗಲೂ ಮೊಮ್ಮಗನೇ ಇಂಥ ಸಂಖ್ಯೆಗಳನ್ನು ಕೇಳಿ ಪಡೆಯುತ್ತಿದ್ದುದರಿಂದ, ಕೇಳಿದವರಿಗೆ ಅದನ್ನು ಹೇಳುವದೇ ರೀತಿಯೆಂದು ಅವಳು ತಿಳಿದಿರುವಳು. ಅವಳಿಗೆ ಈ ರೂಢಿಯನ್ನು ಮಾಡಿಕೊಟ್ಟವರು ನಾವೇ ಅಲ್ಲವೆ? ಓಟಿಪಿ ಎಂಬದು ಒಂದು ಸಲಕ್ಕೆ ಮಾತ್ರ ನಡೆಯುವ ಬೀಗದ ಕೈ. ಖಾತೆಯ ಒಡತಿಯೇ ಬಾಗಿಲು ತೆರೆಯುತ್ತಿರುವಳೋ ಎಂದು ತಿಳಿಯಲು ಬ್ಯಾಂಕು ಅದನ್ನು ಕಳಿಸುತ್ತದೆ. ಕಳಿಸಿದ ಬ್ಯಾಂಕೇ ಮರಳಿ ಫೋನು ಮಾಡಿ ಅದನ್ನು ಕೇಳುವದಿಲ್ಲ.

ಹಣ ಕಳಿಸುವ ಯುಪಿಐ ಪದ್ಧತಿಯು 2016ರಲ್ಲಿ ಬಂದಿತು. ಅದರ ಪಿನ್ನಿನ ವಿಷಯದಲ್ಲಿ ಒಂದೇ ಸೂತ್ರ ಸಾಕು: ಪಿನ್ನು ಹಣ ಕೊಡುವದಕ್ಕೆ ಬೇಕು, ತೆಗೆದುಕೊಳ್ಳುವದಕ್ಕೆ ಬೇಡ. "ನಿಮಗೆ ಹಣ ಬರುತ್ತದೆ, ಪಿನ್ನು ಒತ್ತಿರಿ" ಎಂದು ಯಾರು ಹೇಳಿದರೂ ಅವರು ಕಳ್ಳರೇ. ಪೊಲೀಸರ ಉಡುಪಿನಲ್ಲಿ ವೀಡಿಯೋ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಮನೆ ಬಿಟ್ಟು ಹೋಗಬೇಡಿರಿ" ಎಂದು ಹೆದರಿಸುವವರೂ ಹುಟ್ಟಿಕೊಂಡಿರುವರು. ನಮ್ಮ ದೇಶದ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. ಮದುವೆಯ ಕರೆಯೋಲೆಯೆಂದು ವಾಟ್ಸಾಪಿನಲ್ಲಿ ಬಂದ ಕಡತವನ್ನು ಮುಟ್ಟಿದಾಗ ಅದು ಪತ್ರಿಕೆಯನ್ನು ತೋರಿಸದೆ ಹೊಸ ಆ್ಯಪನ್ನು ಹಾಕಿಕೊಳ್ಳಲು ಅಪ್ಪಣೆ ಕೇಳಿದರೆ, ಕೊಡದೆ ಹಿಂದಕ್ಕೆ ಬರಬೇಕು. ಮದುವೆಗೆ ಕರೆಯುವವರು ನಮ್ಮ ಫೋನಿನೊಳಗೆ ವಾಸಕ್ಕೆ ಬರುವದಿಲ್ಲ.

ಇಷ್ಟಾದರೂ ಹಣ ಹೋಯಿತೆಂದು ಇಟ್ಟುಕೊಳ್ಳೋಣ. ಕೂಡಲೆ 1930 ಎಂಬ ಸಂಖ್ಯೆಗೆ ಕರೆ ಮಾಡಿ ತಿಳಿಸಬೇಕು, ಬ್ಯಾಂಕಿಗೂ ತಿಳಿಸಬೇಕು. ಕದ್ದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುವದರಿಂದ ಅದು ಕೈಮೀರುವ ಮೊದಲೇ ತಡೆಯಲು ಯತ್ನಿಸುವರು. ಇಲ್ಲಿ ಒಂದೊಂದು ತಾಸಿಗೂ ಬೆಲೆಯಿದೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವದೇನು? ಮಗನು ಬೈದಾನೆಂದು ತಾಯಿಯು ಸಂಜೆಯ ತನಕ ಬಾಯಿ ಬಿಡುವದಿಲ್ಲ. ಸೊಸೆಯ ಮುಂದೆ ಮಾನ ಹೋಗುವದೆಂದು ಮಾವನು ಎರಡು ದಿನ ಉಣ್ಣದೆ ಕೂಡುವನು. ಕಳ್ಳನಿಗೆ ಬೇಕಾದ ಅವಕಾಶವನ್ನು ಈ ಮೌನವೇ ಒದಗಿಸುವದು. ಆದುದರಿಂದ ಫೋನನ್ನು ಕೈಗೆ ಕೊಡುವ ದಿನವೇ ಮಗನು ತಾಯಿಗೆ, "ಅವ್ವಾ, ಏನೇ ಆದರೂ ಮೊದಲು ನನಗೆ ಹೇಳು, ನಾನು ಒಂದು ಮಾತೂ ಆಡುವದಿಲ್ಲ" ಎಂದು ಮಾತು ಕೊಡಬೇಕು. ಕೊಟ್ಟ ಮಾತಿನಂತೆ ನಡೆಯಲೂಬೇಕು. ಇದು ಕಷ್ಟದ ವ್ರತವೆಂದು ಬಲ್ಲೆವು. ಎರಡು ಸಾವಿರ ರೂಪಾಯಿ ಹೋದಾಗ ನಾಲಿಗೆಯನ್ನು ತಡೆಯುವದು ಎಲ್ಲರಿಗೂ ಸಾಧ್ಯವಾಗುವದಿಲ್ಲ.

ಬೀಗದ ಸಂಖ್ಯೆಯನ್ನೂ ಪಿನ್ನನ್ನೂ ಹಿರಿಯರೇ ಆರಿಸಿಕೊಳ್ಳಲಿ. ಹುಟ್ಟಿದ ಇಸವಿ ಬೇಡ, ಒಂದು ಎರಡು ಮೂರು ನಾಲ್ಕು ಬೇಡ. ಮೊಮ್ಮಗನು ಆ ಹೊತ್ತಿನಲ್ಲಿ ಮುಖವನ್ನು ಆಚೆಗೆ ತಿರುಗಿಸಲಿ. ಮೊಮ್ಮಗನನ್ನು ನಾವು ಸಂಶಯಿಸುವದಿಲ್ಲ. ಯಾರಿಗೂ ಹೇಳದಿರುವ ಅಭ್ಯಾಸವು ಮನೆಯವರಿಂದಲೇ ಆರಂಭವಾಗಬೇಕೆಂಬದಷ್ಟೇ ನಮ್ಮ ಅಭಿಪ್ರಾಯ. ಆಸ್ಪತ್ರೆಯ ಸಮಯಕ್ಕೆ ತಿಳಿದಿರಲೆಂದು ನಂಬುಗೆಯ ಒಬ್ಬರಿಗೆ ಬೀಗದ ಸಂಖ್ಯೆಯನ್ನು ಹೇಳಬೇಕೆನಿಸಿದರೆ, ಆ ಒಬ್ಬರು ಯಾರೆಂಬದನ್ನೂ ಹಿರಿಯರೇ ಆರಿಸಲಿ.

ಕಲಿಸಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಬಹುದು. ಅವುಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುವರು. ಅನೇಕ ಕಡೆಗಳಲ್ಲಿ ಅಲ್ಲಿ ಪುಸ್ತಕಗಳ ಸಂಗಡ ಕಂಪ್ಯೂಟರು, ಫೋನುಗಳೂ ಇರುವವು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಅರ್ಧ ತಾಸನ್ನು ಇದಕ್ಕಾಗಿ ತೆಗೆದಿಡುವದು ಇನ್ನೂ ಒಳ್ಳೆಯದು. ಒಬ್ಬಳು ಕೇಳಲು ನಾಚಿದ ಪ್ರಶ್ನೆಯನ್ನು ಇನ್ನೊಬ್ಬಳು ಕೇಳಿಬಿಡುವಳು.

ಮೇಲೆ ಹೇಳಿದ ವಹಿಯಲ್ಲಿ 112, 1930, ಬ್ಯಾಂಕಿನ ಪಾಸ್‌ಬುಕ್ಕಿನ ಮೇಲಿರುವ ಸಂಖ್ಯೆ, ಮಕ್ಕಳ ಸಂಖ್ಯೆಗಳು—ಇಷ್ಟನ್ನು ಬರೆದಿಡಿರಿ. ಪಿನ್ನನ್ನು ಮಾತ್ರ ಬರೆಯಬೇಡಿರಿ. ಫೋನಿನಲ್ಲಿ ನಕ್ಷತ್ರ, ಜಾಲರಿ, 06, ಜಾಲರಿ ಎಂಬ ಗುರುತುಗಳನ್ನು ಒಂದರ ಹಿಂದೊಂದು ಒತ್ತಿದರೆ 15 ಅಂಕಿಗಳ ಸಂಖ್ಯೆಯೊಂದು ಕಾಣಿಸುವದು. ಎರಡು ಸಿಮ್ಮಿನ ಫೋನಿನಲ್ಲಿ ಅಂಥವು ಎರಡಿರುವವು. ಇದು ಆ ಯಂತ್ರದ ಗುರುತು. ಸಂತೆಯಲ್ಲಿಯೋ ಬಸ್ಸಿನಲ್ಲಿಯೋ ಫೋನು ಕಳೆದರೆ, ಪೊಲೀಸರಿಗೆ ದೂರು ಕೊಟ್ಟು, ಸರಕಾರದ ಸಂಚಾರ ಸಾಥಿ ಎಂಬ ವ್ಯವಸ್ಥೆಯಲ್ಲಿ ಈ ಸಂಖ್ಯೆಯನ್ನು ತಿಳಿಸಿ ಫೋನನ್ನು ನಿರುಪಯೋಗಿ ಮಾಡಿಸಬಹುದು. ಇದನ್ನೂ ವಹಿಯಲ್ಲಿ ಬರೆದು, ವಹಿಯನ್ನು ಫೋನಿನ ಚೀಲದಲ್ಲಿ ಇಡದೆ ಮನೆಯಲ್ಲಿಯೇ ಇಡತಕ್ಕದ್ದು. ಹಣ ಕಳಿಸುವ ಕ್ರಮವನ್ನು ಮುಂದಿನ ತಿಂಗಳು ಬರೆಯುವೆವು. ಅಷ್ಟರೊಳಗೆ ಕುಂಕುಮದ ಬೊಟ್ಟಿಗೂ ಹೆಬ್ಬೆಟ್ಟಿಗೂ ಇರುವ ಭೇದವು ಬೆರಳಿಗೆ ಬಂದಿರಲಿ.